ನಗರದ ಮರಗಳ ಮೂಲಕ ಗಾಳಿಯಲ್ಲಿನ ಭಾರಲೋಹಗಳ ಪತ್ತೆ: ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಭಾಗದ ಸಾರ್ವಜನಿಕರಿಗೆ ಮಾಹಿತಿ

ಸೀಸ, ಕ್ಯಾಡ್ಮಿಯಂ, ನಿಕ್ಕಲ್, ಕ್ರೋಮಿಯಂ ಮುಂತಾದ ಭಾರಲೋಹಗಳು ಅತಿ ಸೂಕ್ಷ್ಮ ಕಣಗಳ ರೂಪದಲ್ಲಿ ಗಾಳಿಯಲ್ಲಿ ತೇಲುತ್ತವೆ. ಇವು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ. ವಿಶೇಷವಾಗಿ ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ ಮತ್ತು ಆ ಹಾನಿಯನ್ನು ಬಹುಮಟ್ಟಿಗೆ ಸರಿಪಡಿಸಲಾಗದು. ಹಳೆಯ ಬ್ಯಾಟರಿ ಒಡೆಯುವ, ತಂತಿ ಸುಟ್ಟು ತಾಮ್ರ ತೆಗೆಯುವ ಅಥವಾ ಕಲ್ಲಿದ್ದಲು ಉರಿಸುವ ಸ್ಥಳಗಳ ಸಮೀಪ ವಾಸಿಸುವ ನಾಗರಿಕರು ದೂರು ಸಲ್ಲಿಸುವ ಮುನ್ನ, ಬಡಾವಣೆಯ ಮರಗಳಿಂದ ಏನನ್ನು ತಿಳಿಯಬಹುದು, ಏನನ್ನು ತಿಳಿಯಲಾಗದು ಎಂಬುದನ್ನು ಅರಿತಿರುವುದು ಒಳಿತು.

ಜಾರಿಯಲ್ಲಿರುವ ಮಾನದಂಡ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ದಿನಾಂಕ 18-11-2009 ರ ಅಧಿಸೂಚನೆಯ 12 ಮಾಲಿನ್ಯಕಾರಕಗಳ ಪೈಕಿ ಸೀಸ, ಆರ್ಸೆನಿಕ್ ಮತ್ತು ನಿಕ್ಕಲ್ ಸೇರಿವೆ. ಒಂದು ಘನ ಮೀಟರ್ ಗಾಳಿಯಲ್ಲಿ ಸೀಸದ ವಾರ್ಷಿಕ ಸರಾಸರಿ 0.5 ಮೈಕ್ರೋಗ್ರಾಂ, 24 ಗಂಟೆಗಳ ಸರಾಸರಿ 1.0 ಮೈಕ್ರೋಗ್ರಾಂ ಮೀರತಕ್ಕದ್ದಲ್ಲ. ಆರ್ಸೆನಿಕ್‌ಗೆ ವಾರ್ಷಿಕ 6 ನ್ಯಾನೋಗ್ರಾಂ, ನಿಕ್ಕಲ್‌ಗೆ 20 ನ್ಯಾನೋಗ್ರಾಂ ಮಿತಿಯಿದೆ. ವಾರ್ಷಿಕ ಸರಾಸರಿಗೆ ವಾರಕ್ಕೆ ಎರಡು ಬಾರಿಯಂತೆ ಕನಿಷ್ಠ 104 ಅಳತೆಗಳು ಬೇಕು. ಇದಕ್ಕೆ ಯಂತ್ರ, ವಿದ್ಯುತ್, ಶೋಧಕ ಕಾಗದ ಮತ್ತು ಪ್ರಯೋಗಾಲಯ ಅಗತ್ಯ. ಪ್ರತಿ ಓಣಿಯಲ್ಲೂ ಯಂತ್ರ ಇರಿಸುವುದು ಕಾರ್ಯಸಾಧ್ಯವಲ್ಲ. ಮರಗಳಾದರೋ ಎಲ್ಲ ಓಣಿಗಳಲ್ಲೂ ಇವೆ.

ಮರವು ದಾಖಲಿಸುವ ಬಗೆ

ಗಾಳಿಯಲ್ಲಿನ ಕಣಗಳು ಎಲೆಯ ಮೇಲ್ಮೈಯಲ್ಲಿಯೂ ತೊಗಟೆಯ ಬಿರುಕುಗಳಲ್ಲಿಯೂ ಕೂಡುತ್ತವೆ. ಎಲೆಯು ಕೆಲವು ತಿಂಗಳುಗಳ, ತೊಗಟೆಯು ಹಲವು ವರ್ಷಗಳ ಲೆಕ್ಕವನ್ನು ಇಟ್ಟುಕೊಳ್ಳುತ್ತದೆ. ಕಾಂಡದ ವಾರ್ಷಿಕ ಬಳೆಗಳಿಂದ ಇಸವಿ ಸಹಿತ ಮಾಲಿನ್ಯ ಹೇಳಬಹುದೆಂಬ ಭಾವನೆ ಇದೆಯಾದರೂ, ಲೋಹಗಳು ಬಳೆಯಿಂದ ಬಳೆಗೆ ಸರಿಯುವುದರಿಂದ ಅದನ್ನು ಹೆಚ್ಚು ನಂಬುವಂತಿಲ್ಲ.

ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ 2013ರಲ್ಲಿ ಅಲ್ಲಿನ ಅರಣ್ಯ ಸೇವೆಯ ವಿಜ್ಞಾನಿಗಳು ಬೀದಿ ಮರಗಳ ಮೇಲಿನ ಹಾವಸೆಯ 346 ಮಾದರಿಗಳನ್ನು ಪರೀಕ್ಷಿಸಿದರು. ಬಣ್ಣದ ಗಾಜು ತಯಾರಿಸುವ ಎರಡು ಕಾರ್ಖಾನೆಗಳ ಸುತ್ತ ಕ್ಯಾಡ್ಮಿಯಂ ಹೆಚ್ಚಿರುವುದು ಕಂಡುಬಂದಿತು. ಬಳಿಕ ಯಂತ್ರ ಇರಿಸಿ ಗಾಳಿಯನ್ನು ಅಳೆದಾಗ ಸಂಶಯ ದೃಢಪಟ್ಟು, 2016ರಲ್ಲಿ ವಿಷಯ ಬಹಿರಂಗವಾಯಿತು ಮತ್ತು ನಿಯಮಗಳನ್ನು ಬಿಗಿಗೊಳಿಸಲಾಯಿತು. ಮರವು ಸ್ಥಳ ತೋರಿಸಿತು. ಕ್ರಮಕ್ಕೆ ಆಧಾರವಾದದ್ದು ಗಾಳಿಯ ಅಳತೆ.

ಈ ಭಾಗದಲ್ಲಿ ಗಮನಿಸಬೇಕಾದ ಅಂಶಗಳು

ಮಳೆ ಕಡಿಮೆಯಿರುವ ವಿಜಯಪುರ ಜಿಲ್ಲೆಯಲ್ಲಿ ಹಾವಸೆ ಸಾಲದು. ಬೇವು, ಅರಳಿ, ಹುಣಸೆ ಮರಗಳೇ ಗತಿ. ಬೇವು ಯುಗಾದಿಯ ಹೊತ್ತಿಗೆ ಚಿಗುರಿ, ಮರುವರ್ಷ ಮಾಘ-ಫಾಲ್ಗುಣದ ವೇಳೆಗೆ ಎಲೆ ಉದುರಿಸುತ್ತದೆ. ಮಳೆಯು ಎಲೆಯ ಮೇಲಿನ ಧೂಳನ್ನು ತೊಳೆದುಬಿಡುವುದರಿಂದ, ಹಿಂಗಾರು ಮುಗಿದ ನಂತರ ಎಲೆ ಉದುರುವ ಮೊದಲು, ಅಂದರೆ ಜನವರಿಯ ಸುಮಾರಿಗೆ, ಮಾದರಿ ಸಂಗ್ರಹಿಸುವುದು ಸೂಕ್ತ. ಒಂದೇ ಜಾತಿಯ ಮರಗಳಿಂದ, ಒಂದೇ ಎತ್ತರದಲ್ಲಿ, ಒಂದೇ ದಿನ ಬಲಿತ ಎಲೆಗಳನ್ನು ಆರಿಸಿ ಕಾಗದದ ಲಕೋಟೆಯಲ್ಲಿ ಇಡತಕ್ಕದ್ದು. ಅರ್ಧ ಭಾಗವನ್ನು ಶುದ್ಧ ನೀರಿನಲ್ಲಿ ತೊಳೆದು, ಉಳಿದರ್ಧವನ್ನು ತೊಳೆಯದೆ ಪರೀಕ್ಷಿಸಿದರೆ, ಎರಡರ ವ್ಯತ್ಯಾಸದಿಂದ ಮೇಲೆ ಕುಳಿತ ಧೂಳಿನ ಪಾಲು ತಿಳಿಯುತ್ತದೆ. ಎಲೆಯೊಳಗಿನ ಲೋಹವು ಬೇರಿನ ಮೂಲಕವೂ ಬಂದಿರಬಹುದು.

ಇಲ್ಲಿ ಮುಖ್ಯ ತೊಡಕು ಎರೆಮಣ್ಣು. ದಖ್ಖನ್ನಿನ ಕಪ್ಪು ಬಸಾಲ್ಟ್ ಶಿಲೆಯಿಂದ ಉಂಟಾದ ಈ ಮಣ್ಣಿನಲ್ಲಿ ಕ್ರೋಮಿಯಂ, ನಿಕ್ಕಲ್, ತಾಮ್ರ ಸ್ವಾಭಾವಿಕವಾಗಿಯೇ ಹೆಚ್ಚು. ಬೇಸಿಗೆಯ ಗಾಳಿಗೆ ಎದ್ದ ಹೊಲದ ಧೂಳು ಬೇವಿನ ಎಲೆಯ ಮೇಲೆ ಕುಳಿತರೆ, ಕಾರ್ಖಾನೆಯೇ ಇಲ್ಲದ ಊರಿನಲ್ಲೂ ಈ ಲೋಹಗಳು ಕಾಣಿಸುತ್ತವೆ. ಆದುದರಿಂದ ಮರದ ಬುಡದ ಮಣ್ಣನ್ನೂ, ಹೆದ್ದಾರಿಯಿಂದ ದೂರದ ಹಳ್ಳಿಯ ಅದೇ ಜಾತಿಯ ಮರದ ಎಲೆಯನ್ನೂ ಜೊತೆಯಲ್ಲಿ ಪರೀಕ್ಷಿಸದೆ ಯಾವ ತೀರ್ಮಾನಕ್ಕೂ ಬರಬಾರದು. ಬಸಾಲ್ಟಿನಲ್ಲಿ ಸೀಸ ಮತ್ತು ಕ್ಯಾಡ್ಮಿಯಂ ಕಡಿಮೆ. ಎಲೆಯ ಮೇಲೆ ಇವು ಹೆಚ್ಚಿದ್ದಲ್ಲಿ ಮಣ್ಣಿನ ಹೊರತಾದ ಮೂಲವನ್ನು ಹುಡುಕಬೇಕು.

ರಾಷ್ಟ್ರೀಯ ಹೆದ್ದಾರಿ 50 ಹಾದುಹೋಗುವ ಸಿಂದಗಿಯಂತಹ ಊರುಗಳಲ್ಲಿ ಟೈರ್ ಸವೆತದ ಸತುವು, ಬ್ರೇಕ್ ಸವೆತದ ತಾಮ್ರ ಸೇರುತ್ತವೆ. 01-02-2000 ರಿಂದ ದೇಶದಲ್ಲಿ ಸೀಸರಹಿತ ಪೆಟ್ರೋಲ್ ಜಾರಿಯಾಯಿತಾದರೂ, ಸೀಸ ಕೊಳೆಯುವ ವಸ್ತುವಲ್ಲ. ಹಿಂದೆ ರಸ್ತೆ ಬದಿಯ ಮಣ್ಣು ಸೇರಿದ್ದು ಧೂಳಾಗಿ ಮತ್ತೆ ಏಳಬಲ್ಲದು. ಹಿಂದಿನ ಅವಿಭಜಿತ ಬಸವನ ಬಾಗೇವಾಡಿ ತಾಲ್ಲೂಕಿನ ಕೂಡಗಿಯಲ್ಲಿ 2400 ಮೆಗಾವ್ಯಾಟ್ ಸಾಮರ್ಥ್ಯದ ಕಲ್ಲಿದ್ದಲು ಸ್ಥಾವರವಿದೆ. ಕಲ್ಲಿದ್ದಲಿನ ಹಾರುಬೂದಿಯಲ್ಲಿ ಆರ್ಸೆನಿಕ್, ಸೀಸ, ಕ್ರೋಮಿಯಂ ಇರುವುದರಿಂದ ಅಂತಹ ಸ್ಥಳಗಳ ಸುತ್ತಲಿನ ಮರಗಳು ಅಧ್ಯಯನಕ್ಕೆ ಯೋಗ್ಯವಾದವು. ಹಾಗೆಂದ ಮಾತ್ರಕ್ಕೆ ಎಲೆಯ ಮೇಲೆ ಕಂಡ ಲೋಹವೆಲ್ಲ ಅಲ್ಲಿಂದಲೇ ಬಂದುದೆಂದು ಭಾವಿಸತಕ್ಕದ್ದಲ್ಲ.

ದೂರು ಸಲ್ಲಿಸುವವರ ಗಮನಕ್ಕೆ

2009ರ ಅಧಿಸೂಚನೆಯ ಮಿತಿಗಳು ಗಾಳಿಗೆ ಸಂಬಂಧಿಸಿದವು, ಎಲೆಗೆ ಅನ್ವಯಿಸುವುದಿಲ್ಲ. ಎಲೆಯ ವರದಿಯನ್ನು ದೂರಿಗೆ ಲಗತ್ತಿಸಬಹುದು, ಆದರೆ ಅದು ಮಿತಿ ಮೀರಿದ್ದಕ್ಕೆ ಸ್ವತಃ ಪುರಾವೆಯಲ್ಲ. ವಾಯು (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮ, 1981 ರಡಿ ಕಾರ್ಖಾನೆಯ ಹೊಗೆಯ ಮಾದರಿಯನ್ನು ನಿಗದಿತ ವಿಧಾನದಲ್ಲಿ ಮಂಡಳಿಯೇ ತೆಗೆಯಬೇಕು. ಆದ್ದರಿಂದ ಗಾಳಿಯ ಗುಣಮಟ್ಟ ಅಳೆಯುವಂತೆ ಸ್ಪಷ್ಟವಾಗಿ ಕೋರಿ, ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ವಿಜಯಪುರ ಪ್ರಾದೇಶಿಕ ಕಚೇರಿಯ ಪರಿಸರ ಅಧಿಕಾರಿಗೆ ಅರ್ಜಿ ಸಲ್ಲಿಸುವುದು. ಅರ್ಜಿಯಲ್ಲಿ ಸ್ಥಳ, ಸರ್ವೆ ನಂಬರ್, ಹೊಗೆ ಕಂಡ ದಿನಾಂಕ ಮತ್ತು ವೇಳೆ, ಗಾಳಿಯ ದಿಕ್ಕು ನಮೂದಿಸಿದರೆ ಪರಿಶೀಲನೆ ಸುಲಭ. “ಬಹಳ ಹೊಗೆ ಬರುತ್ತದೆ” ಎಂದಷ್ಟೇ ಬರೆದ ಅರ್ಜಿಯಿಂದ ಸ್ಥಳ ಪತ್ತೆಯೇ ಕಷ್ಟವಾಗುತ್ತದೆ. ಬಯಲಿನಲ್ಲಿ ಕಸ ಸುಡುವ ಬಗ್ಗೆ ಸ್ಥಳೀಯ ನಗರ ಸಂಸ್ಥೆಗೆ ದೂರು ನೀಡಬೇಕು. ಅಳತೆಯ ದಾಖಲೆಗಳ ಪ್ರತಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005 ರಡಿ ಕೋರಬಹುದಾಗಿದ್ದು, ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ದೊರೆಯತಕ್ಕದ್ದು.

ಮಾದರಿಗೆಂದು ಕೊಂಬೆ ಕಡಿಯುವುದು, ಕಾಂಡದ ಸುತ್ತ ತೊಗಟೆ ಸುಲಿಯುವುದು ಸಲ್ಲದು. ಸುತ್ತಲೂ ತೊಗಟೆ ಸುಲಿದ ಮರ ಒಣಗಿ ಸಾಯುತ್ತದೆ. ಮರ ಕಡಿಯಲು ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976 ರ ಪ್ರಕಾರ ವೃಕ್ಷಾಧಿಕಾರಿಯ ಪೂರ್ವಾನುಮತಿ ಪಡೆಯಬೇಕು.