ತಂತಿ ಮುಟ್ಟದ ಕೋಣೆ

ಕ್ರೋಮ್ ಬಳಸಿ ಚರ್ಮ ಹದ ಮಾಡುವ ಕಾರ್ಖಾನೆಯಿಂದ ಹೆಸರು ಪಡೆದ ಊರು ಚೆನ್ನೈನ ಕ್ರೋಂಪೇಟೆ. ಬೀಚ್-ತಾಂಬರಂ ಮಾರ್ಗದಲ್ಲಿ 1931ರಲ್ಲೇ ಕರೆಂಟ್ ರೈಲು ಓಡಿತು. 1949ರಲ್ಲಿ ಇಲ್ಲಿ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಶುರುವಾಯಿತು. ಅಬ್ದುಲ್ ಕಲಾಂ ವಿಮಾನ ವಿಜ್ಞಾನ ಓದಿದ್ದು ಅಲ್ಲೇ. ಇಂಥ ಊರಲ್ಲೂ ಬಾಡಿಗೆಯವನ ಕೋಣೆಗೆ ಇಂಟರ್ನೆಟ್ ಬರೋದು ಸುಲಭವಿರಲಿಲ್ಲ.

ಕಾರಣ ನಿಮಗೂ ಗೊತ್ತಿರಬಹುದು. ಫೋನ್ ಲೈನ್ ಇರುವುದು ಓನರ್ ಹೆಸರಲ್ಲಿ, ಕೆಳಗಿನ ಹಾಲ್‌ನಲ್ಲಿ. ನಮ್ಮ ವಾಸ ಮಹಡಿ ಮೇಲೆ. ‘ಗೋಡೆಗೆ ಮೊಳೆ ಹೊಡೀಬೇಡಿ’ ಅನ್ನುವವರ ಮನೆಯಲ್ಲಿ ತೂತು ಕೊರೆದು ಕೇಬಲ್ ಎಳೆಯುವುದುಂಟೇ? 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟಾಗ ಅದು ಬಂದದ್ದೂ ಫೋನ್ ತಂತಿಯಲ್ಲೇ. ಲೈನ್ ಇಲ್ಲದವರಿಗೆ ಬೀದಿ ತುದಿಯ ಬ್ರೌಸಿಂಗ್ ಸೆಂಟರೇ ಗತಿ.

ತಂತಿ ಬೇಡದ ದಾರಿ ಅಷ್ಟರಲ್ಲಾಗಲೇ ಇತ್ತು. ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ತಂಡ 1971ರಲ್ಲಿ ದ್ವೀಪದಿಂದ ದ್ವೀಪಕ್ಕೆ ಕಂಪ್ಯೂಟರ್ ಮಾಹಿತಿಯನ್ನು ರೇಡಿಯೋ ಮೂಲಕ ಕಳಿಸಿತ್ತು. ಚೆನ್ನೈನಲ್ಲೇ, ಐಐಟಿಯ ಅಶೋಕ್ ಝುನ್‌ಝುನ್‌ವಾಲಾ ತಂಡ 1990ರ ದಶಕದಲ್ಲಿ ಕಾರ್‌ಡೆಕ್ಟ್ ರೂಪಿಸಿತು: ಕಂಬದಿಂದ ಮನೆಗೆ ತಾಮ್ರದ ತಂತಿ ಎಳೆಯುವ ಬದಲು ರೇಡಿಯೋದಲ್ಲೇ ಫೋನೂ ಇಂಟರ್ನೆಟ್ಟೂ. ವೈಫೈಗೆ ಆಧಾರವಾದ 802.11 ನಿಯಮಾವಳಿ 1997ರಲ್ಲಿ ಬಂತು.

ನಮ್ಮಲ್ಲಿ ಅಡ್ಡಿಯಾಗಿದ್ದದ್ದು ಕಾನೂನು. 1933ರ ವೈರ್‌ಲೆಸ್ ಕಾಯ್ದೆಯ ಪ್ರಕಾರ ಇಂಥ ಉಪಕರಣ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಹಾಡು ಕೇಳುವ ರೇಡಿಯೋಗೂ ಅಂಚೆ ಕಚೇರಿಯಲ್ಲಿ ವರ್ಷಾವರ್ಷ ಹಣ ಕಟ್ಟಿದ್ದನ್ನು ಹಿರಿಯರು ಮರೆತಿಲ್ಲ. ಕೊನೆಗೆ 2005ರ ಜನವರಿಯಲ್ಲಿ ಕೇಂದ್ರ ಸರ್ಕಾರ 2.4 ಗಿಗಾಹರ್ಟ್ಜ್ ತರಂಗಗಳಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸ್ ಬೇಡ ಎಂದಿತು. ಮನೆಯ ಬಾಕ್ಸಿನ ಮೇಲೆ ಎರಡು ಕೊಂಬು ನೆಟ್ಟಗೆ ನಿಂತದ್ದು ಆಮೇಲೆ.

ಆದರೆ ಸರ್ಕಾರ ಬಿಟ್ಟರೂ ಗೋಡೆ ಬಿಡಬೇಕಲ್ಲ! ಕಾಂಕ್ರೀಟ್ ತಾರಸಿ, ಕಬ್ಬಿಣದ ಬೀರು, ನೀರು ತುಂಬಿದ ಟ್ಯಾಂಕು, ಇವು ಅಲೆಗಳನ್ನು ನುಂಗುತ್ತವೆ. ರಿಪೀಟರ್ ತಂದು ಸಿಗ್ನಲ್ಲೇ ಇಲ್ಲದ ಮೂಲೆಯಲ್ಲಿ ಸಿಕ್ಕಿಸುವವರುಂಟು. ಬರದ್ದನ್ನು ಅದು ದಾಟಿಸೋದು ಹೇಗೆ? ನಡುದಾರಿಯಲ್ಲಿ, ಮೆಟ್ಟಿಲ ಹತ್ತಿರ ಇಡಬೇಕು. ಒಂದೇ ರೇಡಿಯೋದಲ್ಲಿ ಕೇಳಿ ಹೇಳಬೇಕಾದ್ದರಿಂದ ವೇಗವೂ ಸುಮಾರು ಅರ್ಧಕ್ಕಿಳಿಯುತ್ತದೆ. ಕರೆಂಟ್ ತಂತಿಯಲ್ಲೇ ನೆಟ್ ಹರಿಸುವ ಜೋಡಿ ಪ್ಲಗ್ಗುಗಳೂ ಇವೆ. ಎರಡು ಕೋಣೆ ಬೇರೆಬೇರೆ ಫೇಸ್‌ನಲ್ಲಿದ್ದರೆ ಅವು ಸಾಮಾನ್ಯವಾಗಿ ಕೈಕೊಡುತ್ತವೆ. ಕಿಟಕಿ ಸಂದಿನಲ್ಲಿ ಒಂದು ಕೇಬಲ್ ಹಾಯಿಸಿ ಮೇಲೊಂದು ರೌಟರ್ ಇಟ್ಟರೆ ಎಲ್ಲಕ್ಕಿಂತ ವಾಸಿ. ಮೊಳೆಯೂ ಬೇಡ.

2020ರ ಲಾಕ್‌ಡೌನ್‌ನಲ್ಲಿ ಇದರ ಬೆಲೆ ತಿಳಿಯಿತು. ಮಲಗುವ ಕೋಣೆಯೇ ಆಫೀಸು, ಅದೇ ಮಗುವಿನ ಶಾಲೆ. ಊರಲ್ಲಿದ್ದ ಅಪ್ಪ-ಅಮ್ಮನ ಮುಖ ನೋಡಲೂ ಅದೊಂದೇ ದಾರಿ. ಪರಊರಲ್ಲಿ ಮನೆ ನೋಡಲು ಹೋದಾಗ ನಾವು ನೀರು, ಗಾಳಿ, ಬೆಳಕು ವಿಚಾರಿಸುತ್ತೇವೆ. ಮುಂಗಡ ಕೊಡುವ ಮೊದಲು ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಊರಿಗೊಂದು ವಿಡಿಯೋ ಕಾಲ್ ಮಾಡಿ ನೋಡುವುದೂ ಒಳ್ಳೆಯದು.