ಹೆಸರು ಯಾರ ಸೊತ್ತು?

ಸಂಗೀತ ಮೇಳವನ್ನು ಕಟ್ಟಿದವನು ತನ್ನ ಹೆಸರನ್ನು ಅದಕ್ಕಿಡುವುದು ಲೋಕರೂಢಿ. 1967ರಲ್ಲಿ ಲಂಡನ್ನಿನ ಗಿಟಾರ್ ವಾದಕ ಪೀಟರ್ ಗ್ರೀನ್ ಹಾಗೆ ಮಾಡಲಿಲ್ಲ. ಡ್ರಮ್ ಬಾರಿಸುವ ಮಿಕ್ ಫ್ಲೀಟ್‌ವುಡ್, ಬೇಸ್ ಗಿಟಾರಿನ ಜಾನ್ ಮೆಕ್‌ವಿ ಇವರಿಬ್ಬರ ಹೆಸರುಗಳನ್ನು ಜೋಡಿಸಿ ತನ್ನ ರಾಕ್ ತಂಡವನ್ನು ‘ಫ್ಲೀಟ್‌ವುಡ್ ಮ್ಯಾಕ್’ ಎಂದು ಕರೆದ. ವಿನೋದವೆಂದರೆ, ಮೆಕ್‌ವಿ ಆಗಿನ್ನೂ ತಂಡಕ್ಕೆ ಸೇರಿಯೇ ಇರಲಿಲ್ಲ. ಜಾನ್ ಮೇಯಲ್‌ನ ತಂಡದಲ್ಲಿದ್ದ ನಿಶ್ಚಿತ ಸಂಬಳವನ್ನು ಬಿಡಲು ಹಿಂಜರಿಯುತ್ತಿದ್ದ. ಮೊದಮೊದಲು ‘ಪೀಟರ್ ಗ್ರೀನನ’ ಎಂಬ ವಿಶೇಷಣವನ್ನು ಸೇರಿಸಿದ್ದುಂಟು. ಅದು ಬೇಗನೆ ಉದುರಿತು. ತಾನು ಹೋದ ಮೇಲೂ ಇವರಿಬ್ಬರಿಗೆ ಒಂದು ತಂಡವಿರಲಿ ಎಂಬುದು ಗ್ರೀನನ ಎಣಿಕೆಯಾಗಿತ್ತೆಂದು ಫ್ಲೀಟ್‌ವುಡ್ ಹೇಳಿದ್ದಾನೆ.

ಎಣಿಸಿದಂತೆಯೇ ಆಯಿತು. ಮಾದಕ ದ್ರವ್ಯದಿಂದಲೂ ಮನೋವ್ಯಥೆಯಿಂದಲೂ ಜರ್ಜರಿತನಾಗಿದ್ದ ಗ್ರೀನ್ 1970ರಲ್ಲಿ ಹೊರನಡೆದ. ಮರುವರ್ಷ ಲಾಸ್ ಏಂಜಲೀಸಿನಲ್ಲಿ ಪುಸ್ತಕದಂಗಡಿಗೆಂದು ಹೋದ ಜೆರೆಮಿ ಸ್ಪೆನ್ಸರ್ ಒಂದು ಧಾರ್ಮಿಕ ಪಂಥವನ್ನು ಸೇರಿದವನು ಮರಳಲಿಲ್ಲ. 1972ರಲ್ಲಿ ಡ್ಯಾನಿ ಕಿರ್ವನ್‌ನನ್ನು ತಂಡವೇ ಹೊರಹಾಕಿತು. ಮುಂದೆ ನಿಂತ ಮೂವರು ಗಿಟಾರ್ ವಾದಕರೂ ಹೋದರು. ಹೆಸರು ಕೊಟ್ಟ ಇಬ್ಬರು ಉಳಿದರು. ಮೆಕ್‌ವಿಯ ಪತ್ನಿ ಕ್ರಿಸ್ಟೀನ್ 1970ರಲ್ಲೇ ಬಂದು ಸೇರಿದ್ದಳು. ಆಕೆಯಿಲ್ಲದಿದ್ದರೆ ತಂಡ ಬದುಕುತ್ತಿತ್ತೆಂದು ನನಗನಿಸುವುದಿಲ್ಲ.

ಅನಂತರ ನಡೆದುದು ಇನ್ನೂ ವಿಚಿತ್ರ. 1974ರಲ್ಲಿ ಅವರ ವ್ಯವಸ್ಥಾಪಕ ಕ್ಲಿಫರ್ಡ್ ಡೇವಿಸ್, ಹೆಸರು ತನ್ನ ಸೊತ್ತೆಂದು ವಾದಿಸಿ, ಬೇರೆಯೇ ವಾದಕರನ್ನು ಅದೇ ಹೆಸರಿನಲ್ಲಿ ಅಮೆರಿಕದ ಪ್ರವಾಸಕ್ಕೆ ಕಳುಹಿಸಿದ. ಟಿಕೆಟು ಕೊಂಡ ಜನ ವೇದಿಕೆಯ ಮೇಲೆ ಕಂಡದ್ದು ಅಪರಿಚಿತ ಮುಖಗಳನ್ನು! ವ್ಯಾಜ್ಯ ಕೋರ್ಟು ಹತ್ತಿತು. ನಿಜವಾದ ತಂಡದವರು ಇಂಗ್ಲೆಂಡನ್ನು ಬಿಟ್ಟು ಲಾಸ್ ಏಂಜಲೀಸಿಗೆ ನೆಲೆ ಬದಲಿಸಿದರು. ಅಲ್ಲಿ ಧ್ವನಿಮುದ್ರಣಕ್ಕೆ ಸ್ಟುಡಿಯೋ ಹುಡುಕುತ್ತಿದ್ದ ಫ್ಲೀಟ್‌ವುಡ್‌ನ ಕಿವಿಗೆ ಲಿಂಡ್ಸೆ ಬಕಿಂಗ್‌ಹ್ಯಾಮ್ ಎಂಬವನ ಗಿಟಾರ್ ಬಿತ್ತು. ವರ್ಷಾಂತ್ಯದಲ್ಲಿ ಬಾಬ್ ವೆಲ್ಚ್ ಬಿಟ್ಟುಹೋದಾಗ ಆತನಿಗೇ ಕರೆ ಹೋಯಿತು. ತನ್ನ ಜೊತೆಗಾತಿ ಸ್ಟೀವಿ ನಿಕ್ಸ್‌ಳನ್ನು ಬಿಟ್ಟು ಬರುವುದಿಲ್ಲವೆಂದ; ಇಬ್ಬರೂ ಬಂದರು. 1977ರ ‘ರೂಮರ್ಸ್’ ಅಮೆರಿಕದ ಮಾರಾಟಪಟ್ಟಿಯಲ್ಲಿ 31 ವಾರ ಅಗ್ರಸ್ಥಾನದಲ್ಲಿತ್ತು. ಹೆಸರನ್ನು ಕಸಿಯಹೊರಟ ವ್ಯಾಜ್ಯವೇ ಅವರನ್ನು ಈ ದಾರಿಗೆ ತಂದುಬಿಟ್ಟಿತೆನ್ನಬೇಕು.

ಆದರೂ ನನ್ನ ಮನಸ್ಸು ಒಲಿಯುವುದು 1968ರ ‘ಆಲ್ಬಟ್ರಾಸ್’ ಎಂಬ ಗ್ರೀನನ ವಾದ್ಯಕೃತಿಗೆ. ಅದರಲ್ಲಿ ಒಂದು ಮಾತೂ ಇಲ್ಲ. ಬಕಿಂಗ್‌ಹ್ಯಾಮ್ 1987ರಲ್ಲಿ ಬಿಟ್ಟುಹೋಗಿ, 1997ರಲ್ಲಿ ಮರಳಿ, 2018ರಲ್ಲಿ ಹೊರದೂಡಲ್ಪಟ್ಟ. ಗ್ರೀನ್ 2020ರಲ್ಲಿ, ಕ್ರಿಸ್ಟೀನ್ 2022ರಲ್ಲಿ ತೀರಿಕೊಂಡರು. 1967ರಿಂದ 2018ರ ಪ್ರವಾಸದವರೆಗೂ ಡ್ರಮ್ಮಿನ ಹಿಂದೆ ಕೂತಿದ್ದವನು ಫ್ಲೀಟ್‌ವುಡ್ಡೇ.