ಲೆಕ್ಕದಲ್ಲಿ ಜಾಣ ಮಗು: ಒತ್ತಡ ಹೇರದೆ ಬೆಳೆಸುವುದು ಹೇಗೆ?

ಕೆಲಸಕ್ಕಾಗಿ ಬೆಂಗಳೂರಿನಿಂದಲೋ ರಾಯಚೂರಿನಿಂದಲೋ ಹೈದರಾಬಾದಿನ ಬಾಲಾನಗರಕ್ಕೆ ಬಂದು ನೆಲೆಸಿದ ಒಂದು ಕನ್ನಡ ಕುಟುಂಬವನ್ನು ಕಲ್ಪಿಸಿಕೊಳ್ಳಿ. ಎಂಟು ವರ್ಷದ ಮಗಳು ಬಸ್ ಟಿಕೆಟ್ಟಿನ ಅಂಕಿಗಳನ್ನು ಕೂಡಿಸುತ್ತ, ಕಳೆಯುತ್ತ ಆಡುತ್ತಾಳೆ. ಅಂಗಡಿಯವನು ಚಿಲ್ಲರೆ ಎಣಿಸುವ ಮೊದಲೇ ಉತ್ತರ ಹೇಳುತ್ತಾಳೆ. ಮನೆಯವರಿಗೆ ಹೆಮ್ಮೆ. ಬಂದ ನೆಂಟರ ಮುಂದೆಲ್ಲ "ಹದಿನೇಳರ ಮಗ್ಗಿ ಹೇಳು" ಶುರುವಾಗುತ್ತದೆ. ಎರಡು ವರ್ಷ ಕಳೆಯುವಷ್ಟರಲ್ಲಿ ಅಬಾಕಸ್, ಒಲಿಂಪಿಯಾಡ್, ಐಐಟಿ ಫೌಂಡೇಶನ್ ತರಗತಿಗಳು ಒಂದೊಂದಾಗಿ ಸೇರಿಕೊಳ್ಳುತ್ತವೆ. ಆಮೇಲೊಂದು ಪರೀಕ್ಷೆಯ ಬೆಳಿಗ್ಗೆ ಮಗುವಿಗೆ ಹೊಟ್ಟೆನೋವು. ಇನ್ನೊಂದು ದಿನ ಅದೇ ಮಗು, "ನನಗೆ ಲೆಕ್ಕ ಬೇಡ" ಎನ್ನುತ್ತದೆ.

ನಿಮ್ಮ ಮನೆಯಲ್ಲೂ ಹೀಗೆ ಆಗಿದ್ದರೆ ಅದು ಮಗುವಿನ ಸೋಮಾರಿತನವಲ್ಲ, ನೀವು ಕೆಟ್ಟ ಪೋಷಕರು ಎಂದೂ ಅಲ್ಲ. ಮಗುವಿಗೆ ಆಟವಾಗಿದ್ದದ್ದು ನಿಧಾನವಾಗಿ ಮನೆಯವರ ಕೆಲಸವಾಗಿಬಿಟ್ಟಿದೆ, ಅಷ್ಟೆ. ಅದನ್ನು ಮತ್ತೆ ಮಗುವಿನ ಕೈಗೆ ಕೊಡುವುದು ಹೇಗೆ ಎಂಬುದನ್ನು ಈ ಲೇಖನ ತಿಳಿಸುತ್ತದೆ.

ಗಣಿತದ ವಿಶೇಷ ಪ್ರತಿಭೆ ಎಂದರೇನು?

ಗಣಿತದ ಪ್ರತಿಭೆ ಕಾಯಿಲೆಯಲ್ಲ, ಅದಕ್ಕೆ ಚಿಕಿತ್ಸೆಯೂ ಬೇಕಿಲ್ಲ. ಬೇಗ ಗುಣಿಸುವುದೇ ಪ್ರತಿಭೆ ಎಂಬ ತಿಳಿವಳಿಕೆಯೂ ಸರಿಯಲ್ಲ. ಇಂಥ ಮಕ್ಕಳಲ್ಲಿ ಸಾಮಾನ್ಯವಾಗಿ ಈ ಗುಣಗಳು ಕಾಣುತ್ತವೆ:

- ಸಂಖ್ಯೆ, ಆಕಾರ, ರಂಗೋಲಿ ಇವುಗಳಲ್ಲಿ ಅಡಗಿರುವ ಕ್ರಮವನ್ನು ತಾನಾಗಿಯೇ ಗುರುತಿಸುವುದು
- "ಯಾಕೆ ಹೀಗೆ?", "ಯಾವಾಗಲೂ ಹೀಗೆಯೇ ಆಗುತ್ತದೆಯೇ?" ಎಂದು ಕೇಳುವುದು
- ಕಲಿಸಿದ ದಾರಿ ಬಿಟ್ಟು ತನ್ನದೇ ದಾರಿಯಲ್ಲಿ ಉತ್ತರಕ್ಕೆ ತಲುಪುವುದು
- ಒಂದೇ ಸಮಸ್ಯೆಯನ್ನು ಹಿಡಿದು ದಿನಗಟ್ಟಲೆ ಯೋಚಿಸುವುದು
- ಒಂದೇ ಬಗೆಯ ಲೆಕ್ಕಗಳನ್ನು ಮತ್ತೆ ಮತ್ತೆ ಮಾಡಲು ಬೇಸರಪಡುವುದು

ಕೊನೆಯ ಗುಣವನ್ನು ಗಮನಿಸಿ. ಹೋಂವರ್ಕ್ ಮಾಡದ ಮಗು ಲೆಕ್ಕದಲ್ಲಿ ಹಿಂದಿದೆ ಎಂದೇ ಅರ್ಥವಲ್ಲ.

ಇರಾನಿನ ಮರ್ಯಮ್ ಮಿರ್ಜಾಖಾನಿ 2014ರಲ್ಲಿ ಗಣಿತದ ಅತ್ಯುನ್ನತ ಗೌರವವಾದ ಫೀಲ್ಡ್ಸ್ ಪದಕ ಪಡೆದ ಮೊದಲ ಮಹಿಳೆ. ಶಾಲೆಯಲ್ಲಿ ಒಂದು ವರ್ಷ ಅವರು ಗಣಿತದಲ್ಲಿ ಹಿಂದೆ ಬಿದ್ದಿದ್ದರು. ತಾನು ನಿಧಾನವಾಗಿ ಯೋಚಿಸುವವಳು ಎಂದು ಅವರೇ ಹೇಳಿಕೊಂಡಿದ್ದರು. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನಲ್ಲೂ ಎರಡು ದಿನ, ದಿನಕ್ಕೆ ನಾಲ್ಕೂವರೆ ಗಂಟೆ ಕೊಟ್ಟು ಕೇಳುವುದು ಒಟ್ಟು ಆರೇ ಪ್ರಶ್ನೆ. ಅಂದರೆ ಒಂದು ಲೆಕ್ಕಕ್ಕೆ ಒಂದೂವರೆ ಗಂಟೆ. ಗಡಿಯಾರ ಹಿಡಿದು ಮಗುವಿನ ಎದುರು ಕೂರುವ ಮೊದಲು ಇದನ್ನು ನೆನಪಿಸಿಕೊಳ್ಳಿ.

ಎರಡು ಬಾಲ್ಯಗಳಿಂದ ಕಲಿಯಬಹುದಾದದ್ದು

ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಶಕುಂತಲಾ ದೇವಿಯವರ ಹೆಸರು ನಿಮಗೆ ಗೊತ್ತಿರುತ್ತದೆ. ತಂದೆ ಸರ್ಕಸ್ ಕಲಾವಿದರು. ಮಗಳಿಗೆ ಮೂರು ವರ್ಷವಾಗಿದ್ದಾಗ ಇಸ್ಪೀಟ್ ಎಲೆಗಳ ಆಟ ಕಲಿಸುತ್ತಿದ್ದ ಅವರಿಗೆ, ಅವಳು ಸಂಖ್ಯೆಗಳನ್ನು ನೆನಪಿಡುವ ಬಗೆ ಕಂಡು ಅಚ್ಚರಿಯಾಯಿತು. ಆರನೆಯ ವಯಸ್ಸಿಗೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರದರ್ಶನ ನಡೆಯಿತು. ಮುಂದೆ ಪ್ರದರ್ಶನಗಳೇ ಬದುಕಾದವು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಮನಸ್ಸಿನಲ್ಲೇ ಗುಣಿಸಿ ಅವರು ಗಿನ್ನೆಸ್ ದಾಖಲೆಗೆ ಸೇರಿದರು.

ಈ ಕಥೆಯ ಇನ್ನೊಂದು ಮುಖವನ್ನು ನಾವು ಕಡಿಮೆ ಹೇಳುತ್ತೇವೆ. ಅವರಿಗೆ ಶಾಲಾ ಶಿಕ್ಷಣ ಸಿಗಲಿಲ್ಲ. ಎಳೆಯ ವಯಸ್ಸಿನಲ್ಲೇ ಮನೆಯ ಸಂಪಾದನೆಯ ಹೊಣೆ ಅವರ ಹೆಗಲೇರಿತ್ತು. ಮುಂದೆ ದೊಡ್ಡವರಾದ ಮೇಲೆ, ಅಷ್ಟು ಚಿಕ್ಕ ಮಗುವಿಗೆ ಅದು ಬಹಳ ದೊಡ್ಡ ಹೊರೆಯಾಗಿತ್ತು ಎಂದು ಅವರು ನೆನೆದಿದ್ದರು. ಅವರ ಸಾಧನೆ ದೊಡ್ಡದು, ಆದರೆ ಅದಕ್ಕೆ ತೆತ್ತ ಬೆಲೆ ಒಂದು ಬಾಲ್ಯ.

ಇನ್ನೊಂದು ಉದಾಹರಣೆ ಹೈದರಾಬಾದಿನದೇ. ನೀಲಕಂಠ ಭಾನುಪ್ರಕಾಶ್ ಐದು ವರ್ಷದವರಿದ್ದಾಗ ಅಪಘಾತದಲ್ಲಿ ತಲೆಗೆ ಗಂಭೀರ ಪೆಟ್ಟಾಗಿ, ಸುಮಾರು ಒಂದು ವರ್ಷ ಹಾಸಿಗೆಯಲ್ಲೇ ಕಳೆಯಬೇಕಾಯಿತು. ಆಗ ಮನಸ್ಸಿಗೆ ಕೆಲಸ ಕೊಡಲು ಜೊತೆಯಾದದ್ದು ಲೆಕ್ಕ ಮತ್ತು ಒಗಟುಗಳು. 2020ರ ಮೈಂಡ್ ಸ್ಪೋರ್ಟ್ಸ್ ಒಲಿಂಪಿಯಾಡ್‌ನ ಮನೋಗಣಿತ ಸ್ಪರ್ಧೆಯಲ್ಲಿ ಅವರು ಚಿನ್ನದ ಪದಕ ಗೆದ್ದರು. ಮೊದಲಿಗೆ ಗಣಿತ ಅವರ ಪಾಲಿಗೆ ಗುರಿಯಾಗಿರಲಿಲ್ಲ, ಹಾಸಿಗೆಯ ಪಕ್ಕದ ಗೆಳೆಯನಾಗಿತ್ತು.

ನಿಮ್ಮ ಮಗು ಇವರಿಬ್ಬರಂತೆ ಆಗಬೇಕೆಂದೇನೂ ಇಲ್ಲ. ಇವರಿಬ್ಬರ ಬಾಲ್ಯದಿಂದ ನೀವು ತೆಗೆದುಕೊಳ್ಳಬೇಕಾದದ್ದು ಒಂದು ಪ್ರಶ್ನೆಯನ್ನು ಮಾತ್ರ: ಯಾರೂ ನೋಡದಿದ್ದರೂ, ಬಹುಮಾನವಿಲ್ಲದಿದ್ದರೂ, ನನ್ನ ಮಗು ಈ ಲೆಕ್ಕ ಮಾಡುತ್ತದೆಯೇ? ಉತ್ತರ ಹೌದು ಎನ್ನುವವರೆಗೆ ನೀವು ಸರಿಯಾದ ದಾರಿಯಲ್ಲಿದ್ದೀರಿ.

ಒತ್ತಡ ಹೆಚ್ಚಾಗಿದೆ ಎಂದು ತಿಳಿಯುವುದು ಹೇಗೆ?

ಮಕ್ಕಳು "ನನಗೆ ಒತ್ತಡವಾಗುತ್ತಿದೆ" ಎಂದು ಬಾಯಿಬಿಟ್ಟು ಹೇಳುವುದು ಅಪರೂಪ. ಅದು ದೇಹದಲ್ಲಿ, ನಡವಳಿಕೆಯಲ್ಲಿ ಕಾಣುತ್ತದೆ:

- ತರಗತಿ ಅಥವಾ ಪರೀಕ್ಷೆಯ ದಿನವೇ ಬರುವ, ರಜೆಯಲ್ಲಿ ಮಾಯವಾಗುವ ಹೊಟ್ಟೆನೋವು, ತಲೆನೋವು
- ನಿದ್ದೆ ಬಾರದಿರುವುದು, ರಾತ್ರಿ ಬೆಚ್ಚಿಬೀಳುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು
- ಉಗುರು ಕಚ್ಚುವುದು, ಹಾಳೆ ಹರಿಯುವಷ್ಟು ಅಳಿಸಿ ಬರೆಯುವುದು
- ಒಂದು ಅಂಕ ಕಳೆದುಕೊಂಡರೂ ಅಳುವುದು, ಉತ್ತರಪತ್ರಿಕೆ ಬಚ್ಚಿಡುವುದು
- ತಪ್ಪಾಗಬಹುದೆಂಬ ಭಯದಿಂದ ಹೊಸ ಬಗೆಯ ಲೆಕ್ಕವನ್ನು ಮುಟ್ಟದಿರುವುದು
- ಆಟ, ಗೆಳೆಯರು, ಇಷ್ಟದ ತಿಂಡಿ ಯಾವುದೂ ಬೇಡವಾಗುವುದು

ಕೊನೆಯ ಮೂರು ಲಕ್ಷಣಗಳು ಜಾಣ ಮಕ್ಕಳಲ್ಲಿ ಕಣ್ತಪ್ಪಿ ಹೋಗುವುದು ಹೆಚ್ಚು, ಏಕೆಂದರೆ ಅಂಕಗಳು ಚೆನ್ನಾಗಿಯೇ ಬರುತ್ತಿರುತ್ತವೆ. ಅಂಕಪಟ್ಟಿಯಲ್ಲಿ ಮಗುವಿನ ಆರೋಗ್ಯ ಕಾಣುವುದಿಲ್ಲ.

ಮನೆಯಲ್ಲಿ ಏನು ಮಾಡಬಹುದು?

ಹೊಗಳುವ ಬಗೆ ಬದಲಿಸಿ. ಅಮೆರಿಕದ ಮನೋವಿಜ್ಞಾನಿಗಳಾದ ಕ್ಲಾಡಿಯಾ ಮ್ಯೂಲರ್ ಮತ್ತು ಕೆರೊಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, "ನೀನು ಜಾಣ" ಎಂದು ಹೊಗಳಿಸಿಕೊಂಡ ಮಕ್ಕಳು ಮುಂದೆ ಸುಲಭದ ಕೆಲಸವನ್ನೇ ಆರಿಸಿಕೊಳ್ಳುವುದು ಹೆಚ್ಚು ಎಂದು ಕಂಡುಬಂತು. ಸೋತಾಗಲೂ ಅವರೇ ಹೆಚ್ಚು ಕುಗ್ಗಿದರು. ಪ್ರಯತ್ನಕ್ಕಾಗಿ ಹೊಗಳಿಸಿಕೊಂಡವರು ಕಷ್ಟದ ಕೆಲಸಕ್ಕೆ ಕೈಹಾಕಿದರು. ಹಾಗಾಗಿ "ಎಷ್ಟು ಜಾಣೆ ನೀನು!" ಎನ್ನುವ ಬದಲು "ಇದನ್ನು ಹೇಗೆ ಯೋಚಿಸಿದೆ, ನನಗೂ ಹೇಳು" ಎನ್ನಿ. ನಿಮಗೆ ಉತ್ತರ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು. ಕಲಿಸುವವರ ಸ್ಥಾನ ಮಗುವಿಗೆ ಸಿಗುತ್ತದೆ.

ಲೆಕ್ಕಕ್ಕೆ ಲಂಚ ಬೇಡ. "ಹತ್ತು ಲೆಕ್ಕ ಮಾಡಿದರೆ ಚಾಕೊಲೇಟ್" ಎಂಬ ಒಪ್ಪಂದ ಇಷ್ಟವಿದ್ದ ಕೆಲಸವನ್ನೂ ಕೂಲಿಯಾಗಿಸುತ್ತದೆ. 1973ರ ಒಂದು ಪ್ರಸಿದ್ಧ ಪ್ರಯೋಗದಲ್ಲಿ, ಚಿತ್ರ ಬಿಡಿಸಲು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ ಬಹುಮಾನದ ಆಸೆ ತೋರಿಸಿ ಚಿತ್ರ ಬಿಡಿಸಲು ಹೇಳಲಾಯಿತು. ಬಹುಮಾನ ನಿಂತ ಮೇಲೆ ಅವರು ತಾವಾಗಿ ಚಿತ್ರ ಬಿಡಿಸುವುದು ಕಡಿಮೆಯಾಯಿತು.

ನೆಂಟರ ಮುಂದೆ ಪ್ರದರ್ಶನ ನಿಲ್ಲಿಸಿ. ಮಗು ತಾನಾಗಿ ತೋರಿಸಲು ಬಂದರೆ ನೋಡಿ, ಸಂತೋಷಪಡಿ. ಕರೆದು ನಿಲ್ಲಿಸಬೇಡಿ. ಅಣ್ಣತಮ್ಮಂದಿರ ಜೊತೆ ಹೋಲಿಕೆಯೂ ಬೇಡ. ಲೆಕ್ಕದಲ್ಲಿ ಸಾಧಾರಣವಾಗಿರುವ ಇನ್ನೊಂದು ಮಗು ಕೂಡ ಅದೇ ಮನೆಯಲ್ಲಿ ಕೇಳಿಸಿಕೊಳ್ಳುತ್ತಿರುತ್ತದೆ.

ಹೆಚ್ಚು ಲೆಕ್ಕಗಳ ಬದಲು ಆಳವಾದ ಲೆಕ್ಕ ಕೊಡಿ. ಒಂದು ಉದಾಹರಣೆ: ನಾಸಿಕ್ ಬಳಿಯ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ದ. ರಾ. ಕಾಪ್ರೇಕರ್ ಕಂಡುಹಿಡಿದ ಆಟ. ನಾಲ್ಕು ಅಂಕಿಗಳ ಒಂದು ಸಂಖ್ಯೆ ತೆಗೆದುಕೊಳ್ಳಿ (ನಾಲ್ಕೂ ಒಂದೇ ಅಂಕಿ ಆಗಿರಬಾರದು). ಅಂಕಿಗಳನ್ನು ಇಳಿಕೆಯ ಕ್ರಮದಲ್ಲೂ ಏರಿಕೆಯ ಕ್ರಮದಲ್ಲೂ ಬರೆದು ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಬಂದ ಉತ್ತರಕ್ಕೆ ಮತ್ತೆ ಹಾಗೆಯೇ ಮಾಡಿ. 3524 ತೆಗೆದುಕೊಂಡರೆ:

5432 − 2345 = 3087
8730 − 0378 = 8352
8532 − 2358 = 6174

ಯಾವ ಸಂಖ್ಯೆಯಿಂದ ಹೊರಟರೂ ಹೆಚ್ಚೆಂದರೆ ಏಳು ಹೆಜ್ಜೆಗಳಲ್ಲಿ 6174 ಬರುತ್ತದೆ. ಇದನ್ನು ಹೇಳಿಬಿಡಬೇಡಿ, ಮಗುವೇ ಕಂಡುಕೊಳ್ಳಲಿ. "ಮೂರು ಅಂಕಿಗೂ ಹೀಗೆಯೇ ಆಗುತ್ತದೆಯೇ?" ಎಂದು ಅದೇ ಕೇಳುವವರೆಗೆ ಕಾಯಿರಿ. ಐವತ್ತು ಭಾಗಾಕಾರಗಳಿಗಿಂತ ಈ ಒಂದು ಸಂಜೆ ಹೆಚ್ಚು ಕಲಿಸುತ್ತದೆ.

ಆಟಗಳನ್ನು ಮರಳಿ ತನ್ನಿ. ಅಳಗುಳಿಮಣೆ, ಚೌಕಾಬಾರ, ಹುಲಿ–ಕುರಿ ಆಟಗಳಲ್ಲಿ ಎಣಿಕೆ, ಮುಂದಾಲೋಚನೆ ಎರಡೂ ಇವೆ. ಪಕ್ಕದ ಮನೆಯ ತೆಲುಗು ಮಕ್ಕಳ ಜೊತೆಗೂ ಆಡಬಹುದು. ಅಳಗುಳಿಮಣೆಯನ್ನು ಅವರು ವಾಮನಗುಂಟಲು ಎಂದೂ ಹುಲಿ–ಕುರಿಯನ್ನು ಪುಲಿಮೇಕ ಎಂದೂ ಕರೆಯುತ್ತಾರೆ.

ಮನೆಯ ಭಾಷೆಯಲ್ಲಿ ಲೆಕ್ಕ ಮಾತಾಡಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಮತ್ತು ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಇರುವಾಗ ಮಗು ವಾಕ್ಯರೂಪದ ಲೆಕ್ಕಗಳಲ್ಲಿ ಎಡವಬಹುದು. ಅದು ಹಲವು ಸಲ ಗಣಿತದ ತೊಂದರೆಯಲ್ಲ, ಭಾಷೆಯ ತೊಂದರೆ. ಕಾಲು, ಅರ್ಧ, ಮುಕ್ಕಾಲು, ಒಂದೂಕಾಲು ಎನ್ನುತ್ತ ಅಡುಗೆಮನೆಯಲ್ಲಿ ಅಳೆಯುವುದರಿಂದಲೇ ಭಿನ್ನರಾಶಿಯ ಅರ್ಧ ಪಾಠ ಮುಗಿಯುತ್ತದೆ.

ನಿದ್ದೆಯನ್ನು ಕಾಯಿರಿ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಯಾವುದೇ ತರಗತಿ ಈ ಗಂಟೆಗಳನ್ನೋ ದಿನದ ಹೊರಾಂಗಣ ಆಟವನ್ನೋ ಕಸಿಯುವಂತಿದ್ದರೆ, ಬಿಡಬೇಕಾದದ್ದು ತರಗತಿಯನ್ನು.

ಕೋಚಿಂಗ್‌ಗೆ ಸೇರಿಸಬೇಕೇ?

ಹೈದರಾಬಾದಿನಲ್ಲಿ ಈ ಪ್ರಶ್ನೆ ಮಗು ಆರನೆಯ ತರಗತಿಗೆ ಬರುವ ಮೊದಲೇ ಎದುರಾಗುತ್ತದೆ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಗಳು, 16 ವರ್ಷಕ್ಕಿಂತ ಕಡಿಮೆ ವಯಸ್ಸಿನವರನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದು, ರ‍್ಯಾಂಕ್ ಖಾತರಿ ಎಂಬಂಥ ಭರವಸೆ ಕೊಡಬಾರದು ಎನ್ನುತ್ತವೆ. "ಪಕ್ಕದ ಮನೆಯವರೆಲ್ಲ ಸೇರಿಸಿದ್ದಾರೆ" ಎಂಬ ಮಾತಿಗೆ ಮಣಿಯುವ ಮೊದಲು ಇದು ತಿಳಿದಿರಲಿ.

ಮಗು ತಾನಾಗಿ ಸ್ಪರ್ಧೆ ಬಯಸಿದರೆ ತಡೆಯಬೇಕಿಲ್ಲ. ಭಾರತದ ಅಧಿಕೃತ ಗಣಿತ ಒಲಿಂಪಿಯಾಡ್ ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಮೂಲಕ ನಡೆಯುತ್ತದೆ. ಅದೇ ಹೆಸರಿಟ್ಟುಕೊಂಡ ಖಾಸಗಿ ಪರೀಕ್ಷೆಗಳು ಬೇರೆ. ಬರೆಯುವ ಮೊದಲೇ ಮಗುವಿಗೆ ಹೇಳಿಬಿಡಿ: "ಬೇಡವೆನಿಸಿದರೆ ಬಿಡಬಹುದು. ಮನೆಯಲ್ಲಿ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ." ಆ ಮಾತಿಗೆ ನೀವೂ ಬದ್ಧರಾಗಿರಿ.

ಶಾಲೆಯವರೊಂದಿಗೆ ಹೇಗೆ ಮಾತಾಡಬೇಕು?

"ನಮ್ಮ ಮಗು ಎಲ್ಲರಿಗಿಂತ ಮುಂದಿದೆ" ಎಂದು ಆರಂಭಿಸಿದರೆ ಮಾತು ಮುಂದುವರಿಯುವುದು ಕಷ್ಟ. "ತರಗತಿಯ ಲೆಕ್ಕ ಬೇಗ ಮುಗಿದಾಗ ಅವಳು ಏನು ಮಾಡುತ್ತಾಳೆ?" ಎಂದು ಕೇಳಿ. ಇಪ್ಪತ್ತರ ಬದಲು ಐದು ಕಠಿಣ ಲೆಕ್ಕ ಕೊಡಬಹುದೇ, ಗಣಿತ ಕ್ಲಬ್ ಆರಂಭಿಸಬಹುದೇ ಎಂದು ವಿಚಾರಿಸಿ. ವಿಶೇಷ ಪ್ರತಿಭೆಯ ಮಕ್ಕಳಿಗೆ ಇಂಥ ಕ್ಲಬ್‌ಗಳು ಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳಿದೆ.

ಒಂದು ತರಗತಿ ಹಾರಿಸುವ ಯೋಚನೆ ಇದ್ದರೆ ಅಂಕ ಮಾತ್ರ ನೋಡಬೇಡಿ. ದೊಡ್ಡ ಮಕ್ಕಳ ನಡುವೆ ಮಗು ನೆಮ್ಮದಿಯಾಗಿರುತ್ತದೆಯೇ, ಅದಕ್ಕೆ ಸ್ವತಃ ಇಷ್ಟವಿದೆಯೇ ಎಂದು ಕೇಳಿ.

ಲೆಕ್ಕದಲ್ಲಿ ಮುಂದಿರುವ ಮಗುವಿಗೂ ಓದುವ, ಬರೆಯುವ ಕಲಿಕಾ ನ್ಯೂನತೆ, ಗಮನದ ತೊಂದರೆ ಅಥವಾ ಆಟಿಸಂ ಇರಬಹುದು. "ಇಷ್ಟು ಜಾಣ, ಬರೆಯಲು ಮಾತ್ರ ಸೋಮಾರಿ" ಎಂದು ಬೈಯುವ ಮೊದಲು ಪರೀಕ್ಷೆ ಮಾಡಿಸಿ. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದೆ. ಬೆಳವಣಿಗೆಯ ತೊಂದರೆಗಳ ಬಗ್ಗೆ ಸಂದೇಹವಿದ್ದರೆ, ಬಾಲಾನಗರಕ್ಕೆ ಹತ್ತಿರದ ಬೋಯಿನ್‌ಪಲ್ಲಿಯ ಮನೋವಿಕಾಸ ನಗರದಲ್ಲಿ ಬೌದ್ಧಿಕ ಅಂಗವಿಕಲರ ಸಬಲೀಕರಣದ ರಾಷ್ಟ್ರೀಯ ಸಂಸ್ಥೆ ಇದೆ.

ವೈದ್ಯರನ್ನು ಯಾವಾಗ ಕಾಣಬೇಕು?

ಪದೇ ಪದೇ ಬರುವ ನೋವನ್ನು "ಒತ್ತಡ" ಅಥವಾ "ನಾಟಕ" ಎಂದು ನೀವೇ ತೀರ್ಮಾನಿಸಬೇಡಿ. ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ. ಕಣ್ಣಿನ ಪರೀಕ್ಷೆಯೂ ಆಗಲಿ. ಈ ಲಕ್ಷಣಗಳಿದ್ದರೆ ತಡ ಮಾಡಬೇಡಿ:

- ನಿದ್ದೆಯಿಂದ ಎಬ್ಬಿಸುವ ಹೊಟ್ಟೆನೋವು, ತೂಕ ಇಳಿಕೆ, ಜ್ವರ, ಮಲದಲ್ಲಿ ರಕ್ತ
- ಬೆಳಿಗ್ಗೆ ಎದ್ದಾಗ ತಲೆನೋವಿನ ಜೊತೆ ವಾಂತಿ, ದೃಷ್ಟಿ ಮಂಜಾಗುವುದು

ಎರಡು ವಾರಕ್ಕೂ ಹೆಚ್ಚು ಕಾಲ ಮಗು ಮಂಕಾಗಿದ್ದರೆ, ಶಾಲೆಗೆ ಹೋಗಲು ಒಪ್ಪದಿದ್ದರೆ, ನಿದ್ದೆ ಮತ್ತು ಊಟ ಕೆಟ್ಟಿದ್ದರೆ ಮಕ್ಕಳ ಮನೋವೈದ್ಯರು ಅಥವಾ ಮನೋವಿಜ್ಞಾನಿಯ ಸಹಾಯ ಪಡೆಯಿರಿ.

"ನಾನು ಇರಬಾರದಿತ್ತು", "ಸತ್ತರೆ ಒಳ್ಳೆಯದು" ಎಂಬ ಮಾತು ಮಗುವಿನ ಬಾಯಲ್ಲಿ ಬಂದರೆ, ತನಗೆ ತಾನೇ ಗಾಯ ಮಾಡಿಕೊಂಡರೆ, ಅದೇ ದಿನ ಸಹಾಯ ಪಡೆಯಿರಿ. ಮಗುವನ್ನು ಒಂಟಿಯಾಗಿ ಬಿಡಬೇಡಿ, ಬೈಯಬೇಡಿ, ಕೇಳಿಸಿಕೊಳ್ಳಿ. ತಕ್ಷಣದ ಅಪಾಯವಿದ್ದರೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಸಂಖ್ಯೆ 14416, ಹಗಲೂ ರಾತ್ರಿ ಲಭ್ಯ. ಮಕ್ಕಳ ಸಹಾಯವಾಣಿ 1098.

ಈ ವಾರವೇ ಆರಂಭಿಸಲು

ಒಂದು ಸಂಜೆ ಪುಸ್ತಕ, ಗಡಿಯಾರ, ಫೋನ್ ಎಲ್ಲವನ್ನೂ ಬದಿಗಿಟ್ಟು ಮಗುವಿನ ಪಕ್ಕ ಕುಳಿತು, "ಇವತ್ತು ನನಗೊಂದು ಒಗಟು ಹೇಳು" ಎನ್ನಿ. ಒಗಟು ಬಂದರೆ ಬಿಡಿಸಲು ನೀವು ಒದ್ದಾಡಿ, ಮಗು ನಗಲಿ. ಒಗಟಿನ ಬದಲು "ಆಚೆ ಆಡಲು ಹೋಗಲಾ?" ಎಂದು ಕೇಳಿದರೆ ಕಳುಹಿಸಿಕೊಡಿ. ಅದಕ್ಕೆ ಇಷ್ಟವಾದ ಲೆಕ್ಕ ಎಲ್ಲಿಗೂ ಹೋಗುವುದಿಲ್ಲ.